ಆಸ್ಪತ್ರೆಯಲ್ಲಿ, ಲ್ಯಾಬ್‌ನಲ್ಲಿ ಅಕ್ರಮ ಕಂಡಾಗ ದೂರು ಕೊಡುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಆಪರೇಷನ್ನೇ ಆಗದ ರೋಗಿಯ ಹೆಸರಲ್ಲಿ ಸರ್ಕಾರಿ ಯೋಜನೆಯ ಕ್ಲೇಮ್ ಹೋಗಿದೆ. ಅವತ್ತು ಊರಲ್ಲೇ ಇಲ್ಲದ ಸರ್ಜನ್‌ರ ಸಹಿ ಆಪರೇಷನ್ ಥಿಯೇಟರ್ (ಓಟಿ) ರಿಜಿಸ್ಟರ್‌ನಲ್ಲಿದೆ. ಔಷಧ ಪ್ರಯೋಗಕ್ಕೆ ಸೇರಿದ ರೋಗಿ ಎರಡನೇ ಡೋಸ್ ಆದಮೇಲೆ ಐಸಿಯು ಸೇರಿದ್ದರು, ಫೈಲ್‌ನಲ್ಲಿ ಅದರ ಸುಳಿವೇ ಇಲ್ಲ. ನೀವು ಮಾಡಿದ ಪ್ರಯೋಗದ ಚಿತ್ರ ಗೈಡ್ ಕಳಿಸಿದ ಪೇಪರ್‌ನಲ್ಲಿ ಬೇರೆ ಪ್ರಯೋಗದ ಹೆಸರಲ್ಲಿ ಕೂತಿದೆ.

ಇಂಥವು ಮೊದಲು ಕಣ್ಣಿಗೆ ಬೀಳುವುದು ಸಿಸ್ಟರ್‌ಗೆ, ಲ್ಯಾಬ್ ಟೆಕ್ನಿಷಿಯನ್‌ಗೆ, ಡೇಟಾ ಎಂಟ್ರಿ ಮಾಡುವವರಿಗೆ, ಪಿಎಚ್‌ಡಿ ಸ್ಕಾಲರ್‌ಗೆ. ಅಂದರೆ ಆ ಸಂಸ್ಥೆಯಲ್ಲಿ ಎಲ್ಲರಿಗಿಂತ ಕಡಿಮೆ ಬಲ ಇರುವವರಿಗೆ. ಈ ಬರಹ ಅವರಿಗಾಗಿ. ಕರ್ನಾಟಕದಲ್ಲಿ ಕೆಲಸ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಮೊದಲೇ ಒಂದು ಕಹಿ ಸತ್ಯ. ವಿಷಲ್ ಬ್ಲೋವರ್‌ಗಳ, ಅಂದರೆ ಅಕ್ರಮ ಬಯಲಿಗೆಳೆಯುವವರ ರಕ್ಷಣೆಗೆ ಸಂಸತ್ತು ಮಾಡಿದ ಕಾಯ್ದೆಗೆ 2014ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಆದರೆ ಅದನ್ನು ಜಾರಿಗೆ ತರುವ ಅಧಿಸೂಚನೆ ಹೊರಡಲೇ ಇಲ್ಲ. ಹಾಗಾಗಿ "ನನಗೆ ಕಾನೂನಿನ ರಕ್ಷಣೆ ಇದೆ" ಎಂದು ನಂಬಿಕೊಂಡು ಮುನ್ನುಗ್ಗಬೇಡಿ. ನಿಮ್ಮ ರಕ್ಷಣೆ ಬಹುಪಾಲು ನೀವು ಇಡುವ ಹೆಜ್ಜೆಗಳ ಕ್ರಮದಲ್ಲಿದೆ. ಕಾಗದ ಮೊದಲು, ಸರಿಯಾದ ಕಚೇರಿ ಆಮೇಲೆ, ಬಾಯಿ ಕೊನೆಗೆ. ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ. ಸಿಟ್ಟಿನಲ್ಲಿ ಮೊದಲು ವಾರ್ಡ್ ತುಂಬಾ ಹೇಳಿಬಿಡುತ್ತಾರೆ. ಮರುದಿನ ರಿಜಿಸ್ಟರ್ ಬದಲಾಗಿರುತ್ತದೆ.

ಹೆಜ್ಜೆ 1: ಕಂಡದ್ದು ಏನು ಅಂತ ನಿಮಗೆ ನೀವೇ ಸ್ಪಷ್ಟ ಮಾಡಿಕೊಳ್ಳಿ

ಮೂರು ಬೇರೆ ಬೇರೆ ವಿಷಯಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಒಂದು, ಕೈತಪ್ಪು. ರಾತ್ರಿ ಪಾಳಿಯಲ್ಲಿ ಡೋಸ್ ತಪ್ಪಾಯಿತು, ತಕ್ಷಣ ಬರೆದರು, ರೋಗಿಯ ಕಡೆಯವರಿಗೆ ಹೇಳಿದರು. ಇದಕ್ಕೆ ದೂರು ಬೇಕಿಲ್ಲ. ಎರಡು, ನಿಮ್ಮ ಸ್ವಂತ ಕುಂದುಕೊರತೆ. ಸಂಬಳ ತಡ, ರಜೆ ಸಿಗಲಿಲ್ಲ, ಎಚ್‌ಓಡಿ ಬೈದರು. ಅದಕ್ಕೆ ಬೇರೆ ದಾರಿ ಇದೆ. ಮೂರು, ಗೊತ್ತಿದ್ದೂ ಮಾಡಿದ ಅಕ್ರಮ, ಅಥವಾ ತಪ್ಪನ್ನು ಮುಚ್ಚಲು ದಾಖಲೆ ತಿದ್ದಿದ್ದು. ಈ ಮಾರ್ಗದರ್ಶಿ ಮೂರನೆಯದಕ್ಕೆ.

ಎರಡನೆಯದನ್ನು ಮೂರನೆಯದರ ಜೊತೆ ಒಂದೇ ಪತ್ರದಲ್ಲಿ ಬೆರೆಸಲೇಬೇಡಿ. ಸುಳ್ಳು ಕ್ಲೇಮ್ ಬಗ್ಗೆ ಎರಡು ಪುಟ ಬರೆದು, ಕೊನೆಯಲ್ಲಿ "ನನಗೆ ಇನ್‌ಕ್ರಿಮೆಂಟ್ ಕೂಡ ಕೊಟ್ಟಿಲ್ಲ" ಎಂದು ಸೇರಿಸಿದರೆ ಮುಗಿಯಿತು. ಆಡಳಿತದವರು ಆ ಒಂದು ಸಾಲನ್ನೇ ಹಿಡಿದು, ಇದೆಲ್ಲ ಹೊಟ್ಟೆಕಿಚ್ಚಿನ ದೂರು ಅನ್ನುತ್ತಾರೆ.

ವೈದ್ಯರಿಗೆ ಇಲ್ಲಿ ಒಂದು ಆಸರೆ ಇದೆ. ವೈದ್ಯರ ವೃತ್ತಿ ನಡತೆಯ 2002ರ ನಿಯಮಗಳಲ್ಲಿ 1.7ನೇ ಕಲಮನ್ನು ಓದಿ. ವೃತ್ತಿಯ ಇತರರು ಭ್ರಷ್ಟರಾಗಿ, ಅಪ್ರಾಮಾಣಿಕರಾಗಿ, ಅನೈತಿಕವಾಗಿ ನಡೆದುಕೊಂಡರೆ ವೈದ್ಯರು ಭಯ, ಪಕ್ಷಪಾತ ಇಲ್ಲದೆ ಅದನ್ನು ಹೊರಗೆಡಹಬೇಕು ಎನ್ನುತ್ತದೆ ಅದು. "ಉಂಡ ಮನೆಗೆ ಎರಡು ಬಗೆಯುತ್ತೀಯಾ" ಎಂದು ಹಿರಿಯರು ಗದರಿದಾಗ ತೋರಿಸಲು ನಿಮ್ಮ ಕೈಯಲ್ಲಿ ನಿಯಮವೇ ಇದೆ. ಎಷ್ಟೋ ಪಿಜಿಗಳಿಗೆ ಈ ಕಲಮು ಇರುವುದೇ ಗೊತ್ತಿಲ್ಲ.

ಹೆಜ್ಜೆ 2: ಡೈರಿ ಶುರು ಮಾಡಿ

ಮನೆಯಲ್ಲಿ ಇಡುವ ಒಂದು ಬೈಂಡ್ ಪುಸ್ತಕ ಸಾಕು. ಹಾಳೆ ಕಿತ್ತರೆ ಗೊತ್ತಾಗುವಂಥದ್ದು ಇರಲಿ. ತಾರೀಖು, ಹೊತ್ತು, ಜಾಗ, ಯಾರಿದ್ದರು, ಏನು ನೋಡಿದಿರಿ, ಯಾವ ರಿಜಿಸ್ಟರ್‌ನ ಎಷ್ಟನೇ ಪುಟ. ಅವತ್ತೇ ಬರೆಯಿರಿ. ತಿಂಗಳ ನಂತರ ನೆನಪಿನಿಂದ ಬರೆದದ್ದಕ್ಕೆ ಅಷ್ಟು ಬೆಲೆ ಇರುವುದಿಲ್ಲ.

ಕಂಡದ್ದು, ಕೇಳಿದ್ದು, ಊಹಿಸಿದ್ದು ಈ ಮೂರನ್ನೂ ಬೇರೆ ಬೇರೆಯಾಗಿ ಬರೆಯಿರಿ. "ಡಾಕ್ಟರ್ ದುಡ್ಡು ತಿಂದರು" ಎನ್ನುವುದು ಊಹೆ. "ಮಂಗಳವಾರ ಮಧ್ಯಾಹ್ನ ಓಟಿ ಬೀಗ ಹಾಕಿತ್ತು, ಅದೇ ಮಧ್ಯಾಹ್ನದ ಹೆಸರಲ್ಲಿ ಮೂರು ಕ್ಯಾಟರಾಕ್ಟ್ ಆಪರೇಷನ್ ನಮೂದಾಗಿದೆ" ಎನ್ನುವುದು ಕಂಡದ್ದು. ತನಿಖೆಗೆ ಬಂದವರು ಎರಡನೆಯದನ್ನು ಪರೀಕ್ಷಿಸಬಹುದು. ಮೊದಲನೆಯದನ್ನು ಏನು ಮಾಡಿಯಾರು?

ಹೆಜ್ಜೆ 3: ದಾಖಲೆ. ಏನು ತೆಗೆದುಕೊಳ್ಳಬೇಕು, ಏನನ್ನು ಮುಟ್ಟಬಾರದು

ಜನ ಜಾಸ್ತಿ ಎಡವುವುದು ಇಲ್ಲೇ. ನಿಮ್ಮ ಕೆಲಸದ ಭಾಗವಾಗಿ ನಿಮ್ಮ ಕೈಗೆ ಸಹಜವಾಗಿ ಬರುವ ಕಾಗದ ಒಂದು ತೂಕ. ಬೇರೆಯವರ ಪಾಸ್‌ವರ್ಡ್ ಹಾಕಿ ತೆಗೆದದ್ದು, ಬೀರು ಒಡೆದು ತಂದದ್ದು ಇನ್ನೊಂದು ತೂಕ. ಎರಡನೆಯದನ್ನು ಮಾಡಿದ ದಿನ ನೀವು ದೂರುದಾರರಿಂದ ಆರೋಪಿ ಆಗುತ್ತೀರಿ. ಮೂಲ ಕೇಸ್ ಶೀಟನ್ನು ಮನೆಗೆ ತರಬೇಡಿ. ರಿಜಿಸ್ಟರ್ ಹಾಳೆ ಹರಿಯಬೇಡಿ. ಅದು ಎಲ್ಲಿದೆ, ಎಷ್ಟನೇ ಪುಟ, ಯಾರ ಸುಪರ್ದಿಯಲ್ಲಿದೆ ಎನ್ನುವುದನ್ನು ನಿಖರವಾಗಿ ಬರೆದುಕೊಂಡರೆ ಅರ್ಧ ಕೆಲಸ ಆಯಿತು. ಜಪ್ತಿ ಮಾಡುವುದು ತನಿಖೆಯವರ ಕೆಲಸ.

ರೋಗಿಯ ಗೋಪ್ಯತೆ ಇನ್ನೊಂದು ಸೂಕ್ಷ್ಮ ವಿಷಯ. ಜೆರಾಕ್ಸ್ ಪ್ರತಿಗಳಲ್ಲಿ ಹೆಸರು, ಫೋನ್ ನಂಬರ್, ಆಧಾರ್ ನಂಬರ್ ಕಪ್ಪು ಮಾಡಿ ಒಳರೋಗಿ ಸಂಖ್ಯೆ (ಐಪಿ ನಂಬರ್) ಮಾತ್ರ ಉಳಿಸಿ. ತನಿಖೆಗೆ ಅಷ್ಟು ಸಾಕು. ಎಚ್‌ಐವಿ, ಗರ್ಭಪಾತ, ಮಾನಸಿಕ ಚಿಕಿತ್ಸೆಯ ಕಾಗದಗಳಲ್ಲಿ ಇದನ್ನು ಎರಡು ಸಲ ನೋಡಿಕೊಳ್ಳಿ.

ಒಂದು ಒಳ್ಳೆಯ ದಾರಿ ಇದೆ, ಯಾಕೋ ಯಾರೂ ಅಷ್ಟಾಗಿ ಬಳಸುವುದಿಲ್ಲ. ಅದೇ 2002ರ ನಿಯಮಗಳ ಪ್ರಕಾರ ರೋಗಿ ಅಥವಾ ಅವರು ಒಪ್ಪಿಗೆ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ವೈದ್ಯಕೀಯ ದಾಖಲೆ ಕೊಡಬೇಕು. ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟುಕೊಳ್ಳಬೇಕು. ತನಗೆ ಅನ್ಯಾಯ ಆಗಿದೆ ಎಂದು ರೋಗಿಗೇ ಗೊತ್ತಾಗಿ, ಅವರೇ ಅರ್ಜಿ ಹಾಕಿದರೆ ಆ ಪ್ರತಿ ಪೂರ್ತಿ ನ್ಯಾಯವಾದ ದಾರಿಯಲ್ಲಿ ಹೊರಗೆ ಬರುತ್ತದೆ. ಸರ್ಕಾರಿ ಆಸ್ಪತ್ರೆಯಾದರೆ ಆರ್‌ಟಿಐ ಕೂಡ ಇದೆ. ಖರೀದಿ ಆದೇಶ, ಸ್ಟಾಕ್ ವಿವರ, ಡ್ಯೂಟಿ ಪಟ್ಟಿ ಇವೆಲ್ಲ ಆರ್‌ಟಿಐನಲ್ಲಿ ಕೇಳಬಹುದಾದವು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಆದರೆ ನಿಮ್ಮ ಹೆಸರಲ್ಲೇ ಅರ್ಜಿ ಹಾಕಿದರೆ ಯಾರು ಕೆದಕುತ್ತಿದ್ದಾರೆ ಅಂತ ಅವತ್ತೇ ಗೊತ್ತಾಗುತ್ತದೆ. ಹೊರಗಿನ ನಂಬಿಕಸ್ಥರು ಯಾರಾದರೂ ಹಾಕಲಿ.

ಫೋನ್‌ನಲ್ಲಿ ತೆಗೆದ ಫೋಟೊ, ವಾಟ್ಸಾಪ್ ಸಂದೇಶ ಸಾಕ್ಷ್ಯ ಆಗುತ್ತವೆಯೇ? ಆಗುತ್ತವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆ ಜೊತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಅದಕ್ಕೆ ಮೂಲ ಫೋನ್ ಉಳಿಸಿಕೊಳ್ಳಿ. ಹೊಸ ಫೋನ್ ಕೊಂಡರೂ ಹಳೆಯದನ್ನು ಎಕ್ಸ್‌ಚೇಂಜ್‌ಗೆ ಹಾಕಬೇಡಿ. ವಾಟ್ಸಾಪ್ ಚಾಟ್‌ನ ಸ್ಕ್ರೀನ್‌ಶಾಟ್ ಜೊತೆಗೆ ಇಡೀ ಚಾಟನ್ನೂ ಎಕ್ಸ್‌ಪೋರ್ಟ್ ಮಾಡಿಡಿ. ಕತ್ತರಿಸಿದ, ಗೆರೆ ಎಳೆದ, ಬಣ್ಣ ತಿದ್ದಿದ ಫೋಟೊ ಕೊಡಬೇಡಿ. ಇನ್ನೊಂದು ಮಾತು: ಆಸ್ಪತ್ರೆಯ ವೈಫೈ, ಆಸ್ಪತ್ರೆಯ ಇಮೇಲ್, ಆಸ್ಪತ್ರೆಯ ಪ್ರಿಂಟರ್ ಯಾವುದನ್ನೂ ಈ ಕೆಲಸಕ್ಕೆ ಮುಟ್ಟಬೇಡಿ. ಹೊರಗಿನ ಜೆರಾಕ್ಸ್ ಅಂಗಡಿಯೂ ಆಸ್ಪತ್ರೆ ಎದುರಿನದು ಬೇಡ.

ಔಷಧದ ಗುಣಮಟ್ಟದ ಬಗ್ಗೆ ಅನುಮಾನ ಇದ್ದರೆ ಎಲ್ಲಕ್ಕಿಂತ ಮುಖ್ಯ ಬ್ಯಾಚ್ ನಂಬರ್. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಆಸ್ಪತ್ರೆಯಲ್ಲಿ ಬಾಣಂತಿಯರು ತೀರಿಕೊಂಡಾಗ ಅನುಮಾನ ಹೋದದ್ದು ಡ್ರಿಪ್‌ನಲ್ಲಿ ಹಾಕಿದ ರಿಂಗರ್ ಲ್ಯಾಕ್ಟೇಟ್ ಮೇಲೆ. ಇಂಥ ಹೊತ್ತಲ್ಲಿ ಖಾಲಿ ಬಾಟಲ್ ಕಸಕ್ಕೆ ಹೋಗಿಬಿಟ್ಟರೆ ಹಿಡಿಯಲು ಏನೂ ಉಳಿಯುವುದಿಲ್ಲ. ಲೇಬಲ್‌ನ ಫೋಟೊ, ಬ್ಯಾಚ್, ತಯಾರಿ ತಾರೀಖು, ಯಾವ ವಾರ್ಡ್‌ಗೆ ಎಷ್ಟು ಬಂತು ಇಷ್ಟನ್ನೂ ಅವತ್ತೇ ಬರೆದಿಡಿ. ಔಷಧ ಮತ್ತು ಪ್ರಸಾಧನ ಕಾಯ್ದೆಯ ಸೆಕ್ಷನ್ 26ರಲ್ಲಿ ಯಾರು ಬೇಕಾದರೂ ಶುಲ್ಕ ಕಟ್ಟಿ ತಾವು ಕೊಂಡ ಔಷಧವನ್ನು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು.

ಹೆಜ್ಜೆ 4: ನಿಮ್ಮದೇ ಕಾಗದ ವಾಪಸ್ ಪಡೆಯಿರಿ

ನರ್ಸ್‌ಗಳು ಇದನ್ನು ಎರಡು ಸಲ ಓದಿ. ಕೆಲಸಕ್ಕೆ ಸೇರುವಾಗ ಒರಿಜಿನಲ್ ಮಾರ್ಕ್ಸ್ ಕಾರ್ಡ್, ನರ್ಸಿಂಗ್ ಕೌನ್ಸಿಲ್ ಸರ್ಟಿಫಿಕೇಟ್ ಇಟ್ಟುಕೊಳ್ಳುವ ಕೆಟ್ಟ ರೂಢಿ ಎಷ್ಟೋ ಖಾಸಗಿ ಆಸ್ಪತ್ರೆಗಳಲ್ಲಿದೆ. ದೂರು ಕೊಟ್ಟಮೇಲೆ ಅವು ಸಿಗುವುದು ಕಷ್ಟ. ಬ್ಯಾಂಕ್ ಸಾಲಕ್ಕೆ ಬೇಕು, ಪಾಸ್‌ಪೋರ್ಟ್‌ಗೆ ಬೇಕು, ಹೀಗೆ ಏನಾದರೂ ನಿಜವಾದ ಕೆಲಸಕ್ಕೆ ಕೇಳಿ ಮೊದಲು ವಾಪಸ್ ತನ್ನಿ. ನೇಮಕಾತಿ ಪತ್ರ, ಬಾಂಡ್‌ನ ಪ್ರತಿ, ಸಂಬಳದ ಚೀಟಿಗಳು, ಒಳ್ಳೆಯ ಕೆಲಸ ಅಂತ ಹೊಗಳಿದ ಇಮೇಲ್‌ಗಳು ಎಲ್ಲ ಒಂದು ಫೈಲ್‌ನಲ್ಲಿರಲಿ. ದೂರಿನ ಮರುದಿನದಿಂದ "ಇವರ ಕೆಲಸ ಸರಿ ಇಲ್ಲ" ಎನ್ನುವ ಮೆಮೋಗಳು ಶುರುವಾಗುತ್ತವೆ. ಅಲ್ಲಿಯವರೆಗಿನ ದಾಖಲೆ ನಿಮ್ಮ ಪರ ಮಾತಾಡಬೇಕು. ಸ್ಕಾಲರ್‌ಗಳಾದರೆ ಡಾಕ್ಟೋರಲ್ ಕಮಿಟಿಯ ವರದಿಗಳು, ಫೆಲೋಶಿಪ್ ಪತ್ರ.

ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಆರು ತಿಂಗಳ ಖರ್ಚಿಗೆ ದಾರಿ ಇದೆಯೇ ಎಂದು ಕೂತು ಲೆಕ್ಕ ಹಾಕಿ. ಇಲ್ಲ ಅಂದರೆ ಇನ್ನೊಂದು ಕೆಲಸ ಹುಡುಕಿಕೊಂಡು ಆಮೇಲೆ ದೂರು ಕೊಡುವುದು ಹೇಡಿತನ ಅಲ್ಲ. ರೋಗಿಗಳ ಜೀವಕ್ಕೆ ಇವತ್ತೇ ಅಪಾಯ ಇದ್ದರೆ ಮಾತ್ರ ಕಾಯುವ ಪ್ರಶ್ನೆ ಇಲ್ಲ.

ಹೆಜ್ಜೆ 5: ಒಳಗೆ ಹೇಳಬೇಕಾ, ನೇರ ಹೊರಗೆ ಹೋಗಬೇಕಾ?

ಸಾಮಾನ್ಯವಾಗಿ ಒಳಗೆ ಮೊದಲು ಹೇಳುವುದೇ ವಾಸಿ. ಬರಹದಲ್ಲಿ ಹೇಳಿ. ಬಾಯಿಮಾತಲ್ಲಿ ಹೇಳಿದ್ದರೂ ಸಂಜೆ "ಇವತ್ತು ನಿಮ್ಮ ಗಮನಕ್ಕೆ ತಂದಂತೆ" ಎಂದು ಒಂದು ಸಣ್ಣ ಇಮೇಲ್ ಕಳಿಸಿ. ಷೇರುಪೇಟೆಯಲ್ಲಿ ಪಟ್ಟಿಯಾದ ಆಸ್ಪತ್ರೆ ಅಥವಾ ಔಷಧ ಕಂಪನಿಯಾದರೆ 2013ರ ಕಂಪನಿ ಕಾಯ್ದೆಯ ಸೆಕ್ಷನ್ 177ರಂತೆ ದೂರು ಕೇಳುವ ವ್ಯವಸ್ಥೆ ಇರಲೇಬೇಕು. ಆಡಿಟ್ ಕಮಿಟಿ ಅಧ್ಯಕ್ಷರನ್ನು ನೇರ ತಲುಪುವ ದಾರಿಯೂ ಅದರಲ್ಲಿ ಇರಬೇಕು. ಕಂಪನಿಯ ವೆಬ್‌ಸೈಟ್‌ನಲ್ಲಿ ಆ ಪಾಲಿಸಿ ಸಿಗುತ್ತದೆ.

ಆದರೆ ಯಾರ ಹತ್ತಿರ ಹೇಳಬೇಕೋ ಅವರೇ ಅಕ್ರಮದಲ್ಲಿ ಇದ್ದರೆ? ದಾಖಲೆ ಮಾಯವಾಗುವ ಭಯ ಇದ್ದರೆ? ಆಗ ನೇರ ಹೊರಗೆ ಹೋಗಿ.

ರ‍್ಯಾನ್‌ಬಾಕ್ಸಿ ಎಂಬ ಔಷಧ ಕಂಪನಿಯ ಪ್ರಕರಣ ನೋಡಿ. ದಿನೇಶ್ ಠಾಕೂರ್ ಆ ಕಂಪನಿಯಲ್ಲಿ ಹಿರಿಯ ಹುದ್ದೆಯಲ್ಲಿದ್ದವರು. 2004ರಲ್ಲಿ ಅವರ ಮೇಲಧಿಕಾರಿಯೇ ಔಷಧಗಳ ದತ್ತಾಂಶ ಪರಿಶೀಲಿಸಲು ಹೇಳಿದರು. ಹಲವು ದೇಶಗಳಿಗೆ ಕೊಟ್ಟ ಅರ್ಜಿಗಳಲ್ಲಿ ಸುಳ್ಳು ಪರೀಕ್ಷಾ ಫಲಿತಾಂಶಗಳು ಸಿಕ್ಕವು. ವಿಷಯ ಕಂಪನಿಯ ಮೇಲಿನವರೆಗೂ ಹೋಯಿತು, ಏನೂ ಆಗಲಿಲ್ಲ. 2005ರಲ್ಲಿ ಠಾಕೂರ್ ಕೆಲಸ ಬಿಟ್ಟರು. ಆಮೇಲೆ ಬೇರೆ ಹೆಸರಿಟ್ಟುಕೊಂಡು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ ಬರೆದರು. 2013ರಲ್ಲಿ ಕಂಪನಿಯ ಅಮೆರಿಕ ಶಾಖೆ ತಪ್ಪೊಪ್ಪಿಕೊಂಡು 50 ಕೋಟಿ ಡಾಲರ್ ಕಟ್ಟಿತು. ಎಂಟು ವರ್ಷ! ಅಮೆರಿಕದ ಕಾನೂನಿನಂತೆ ಠಾಕೂರ್‌ಗೆ ಅದರಲ್ಲಿ 4 ಕೋಟಿ 80 ಲಕ್ಷ ಡಾಲರ್‌ಗೂ ಜಾಸ್ತಿ ಪಾಲು ಬಂತು. ನಮ್ಮಲ್ಲಿ ಅಂಥ ಕಾನೂನು ಇಲ್ಲ. ಆ ಕಥೆಯಿಂದ ನೀವು ತೆಗೆದುಕೊಳ್ಳಬೇಕಾದದ್ದು ದುಡ್ಡಿನ ಆಸೆಯನ್ನಲ್ಲ. ಅವರ ಕೈಯಲ್ಲಿ ಯಾವ ಔಷಧ, ಯಾವ ದೇಶ, ಯಾವ ಪರೀಕ್ಷೆ ಎನ್ನುವ ವಿವರ ಇತ್ತು. ಅದಕ್ಕೇ ಅವರ ಪತ್ರ ಕಸದ ಬುಟ್ಟಿ ಸೇರಲಿಲ್ಲ.

ಹೆಜ್ಜೆ 6: ಸರಿಯಾದ ಕಚೇರಿ

ತಪ್ಪು ಕಚೇರಿಗೆ ಕೊಟ್ಟ ದೂರು ಸುತ್ತಾಡಿ ಸುತ್ತಾಡಿ ಕೊನೆಗೆ ನಿಮ್ಮ ಸೂಪರಿಂಟೆಂಡೆಂಟ್ ಮೇಜಿಗೇ "ವರದಿ ಕೊಡಿ" ಎಂದು ಬಂದು ಬೀಳುತ್ತದೆ. ಹಾಗಾಗಿ ಮೊದಲ ಪ್ರಶ್ನೆ: ನಿಮ್ಮ ಸಂಸ್ಥೆ ಯಾರ ಅಡಿಯಲ್ಲಿದೆ?

ಕೇಂದ್ರ ಸರ್ಕಾರದ್ದಾದರೆ, ಉದಾಹರಣೆಗೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅಥವಾ ವಾಕ್ ಶ್ರವಣ ಸಂಸ್ಥೆ ಆಯಿಷ್, ಭ್ರಷ್ಟಾಚಾರದ ದೂರು ಕೇಂದ್ರ ಜಾಗೃತ ಆಯೋಗಕ್ಕೆ ಹೋಗಬಹುದು. ಇಲ್ಲಿ ದೂರುದಾರರ ಹೆಸರು ಗುಟ್ಟಾಗಿಡುವ 2004ರ ಪಿಐಡಿಪಿಐ ನಿರ್ಣಯದ ದಾರಿ ಇದೆ, ಅದರ ವಿವರ ಮುಂದಿನ ಹೆಜ್ಜೆಯಲ್ಲಿ ಇದೆ.

ರಾಜ್ಯದ್ದಾದರೆ, ಅಂದರೆ ಜಿಲ್ಲಾಸ್ಪತ್ರೆ, ಸರ್ಕಾರಿ ಮೆಡಿಕಲ್ ಕಾಲೇಜು, ಪ್ರಾಥಮಿಕ ಆರೋಗ್ಯ ಕೇಂದ್ರ ಇಂಥವಾದರೆ, ಲೋಕಾಯುಕ್ತ. ನಿಗದಿತ ಫಾರಂ ಜೊತೆ ಅಫಿಡವಿಟ್ ಬೇಕು. ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) 2022ರಲ್ಲಿ ಹೈಕೋರ್ಟ್ ರದ್ದು ಮಾಡಿದ ಮೇಲೆ ಲಂಚದ ಪ್ರಕರಣಗಳೂ ಲೋಕಾಯುಕ್ತ ಪೊಲೀಸರಿಗೇ ವಾಪಸ್ ಬಂದಿವೆ. ಸುಳ್ಳು ಅಂತ ಗೊತ್ತಿದ್ದೂ ದುರುದ್ದೇಶದಿಂದ ದೂರು ಕೊಟ್ಟರೆ ಶಿಕ್ಷೆ ಇದೆ, ನೆನಪಿರಲಿ.

ಖಾಸಗಿ ಆಸ್ಪತ್ರೆಯಾದರೆ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ. 2017ರ ತಿದ್ದುಪಡಿಯ ನಂತರ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರ ಇದೆ. ದೂರನ್ನು ಡಿಸಿ ಕಚೇರಿಗೂ ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಓ) ಕಚೇರಿಗೂ ಕೊಟ್ಟು ಎರಡರಲ್ಲೂ ಸ್ವೀಕೃತಿ ಪಡೆಯಿರಿ. ಸರ್ಕಾರಿ ವಿಮೆಯ ಸುಳ್ಳು ಕ್ಲೇಮ್ ಆದರೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಆಯುಷ್ಮಾನ್ ಭಾರತ್ ಸಹಾಯವಾಣಿ 14555. ಆಸ್ಪತ್ರೆಯಲ್ಲಿ ಕೂರುವ ಆರೋಗ್ಯಮಿತ್ರರಿಗೆ ಹೇಳಿದರೆ ಸಾಕು ಅಂದುಕೊಳ್ಳಬೇಡಿ. ಅವರು ದಿನಾ ಅದೇ ಆಸ್ಪತ್ರೆಯವರ ನಡುವೆ ಕೂರುವವರು.

ಒಬ್ಬ ವೈದ್ಯರ ನಡತೆ ಮಾತ್ರ ಪ್ರಶ್ನೆಯಾದರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್. ಔಷಧದ ಅಡ್ಡಪರಿಣಾಮಕ್ಕೆ ಫಾರ್ಮಕೋವಿಜಿಲೆನ್ಸ್ ಸಹಾಯವಾಣಿ 1800-180-3024. ಆಸ್ಪತ್ರೆ ಕಸವನ್ನು ಊರ ಕಸಕ್ಕೆ ಸುರಿಯುತ್ತಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿ.

ಭ್ರೂಣಲಿಂಗ ಪತ್ತೆಯದ್ದು ಬೇರೆಯೇ ದಾರಿ. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಯುತ್ತಿದ್ದದ್ದು ಬಯಲಾಯಿತಲ್ಲ, ಅಂಥ ಜಾಲದ ಸುಳಿವು ಆಸ್ಪತ್ರೆ ಸಿಬ್ಬಂದಿಗೆ, ಆಶಾ ಕಾರ್ಯಕರ್ತೆಯರಿಗೆ ಪೊಲೀಸರಿಗಿಂತ ಮೊದಲೇ ಸಿಕ್ಕಿರಬಹುದು. ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಜಿಲ್ಲೆಯ ಸಕ್ಷಮ ಪ್ರಾಧಿಕಾರಕ್ಕೆ ದೂರು ಕೊಡಿ. ಅವರು ಸುಮ್ಮನಿದ್ದರೆ ಕೋರ್ಟಿಗೆ ಹೋಗುತ್ತೇನೆ ಎಂದು ಕನಿಷ್ಠ 15 ದಿನದ ನೋಟಿಸ್ ಕೊಟ್ಟು, ಆಮೇಲೆ ಯಾವ ನಾಗರಿಕರಾದರೂ ನೇರ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು. ಅಂಗಾಂಗ ಕಸಿ ಕಾಯ್ದೆಯಲ್ಲೂ ಇದೇ ರೀತಿ ಇದೆ, ಅಲ್ಲಿ ನೋಟಿಸ್ 60 ದಿನದ್ದು.

ಹೆಜ್ಜೆ 7: ಹೆಸರು ಹಾಕಬೇಕಾ?

ಹೆಸರೇ ಹಾಕದ ದೂರು ಬೇರೆ, ಹೆಸರು ಗುಟ್ಟಾಗಿಡುವ ದೂರು ಬೇರೆ. ಮೂಗರ್ಜಿಯನ್ನು ಜಾಗೃತ ಆಯೋಗವೂ ಸೇರಿದಂತೆ ಬಹಳಷ್ಟು ಕಚೇರಿಗಳು ಪರಿಗಣಿಸುವುದಿಲ್ಲ. ಹೆಸರು ಕೊಟ್ಟರೆ ಸೋರುವ ಭಯ. ಆ ಭಯಕ್ಕೆ ಕಾರಣವೂ ಇದೆ. ಹೆದ್ದಾರಿ ಇಂಜಿನಿಯರ್ ಸತ್ಯೇಂದ್ರ ದುಬೆ ತನ್ನ ಹೆಸರು ಗುಟ್ಟಾಗಿರಲಿ ಎಂದು ಕೇಳಿಕೊಂಡೇ ಪ್ರಧಾನಿ ಕಚೇರಿಗೆ ಬರೆದಿದ್ದರು. ಪತ್ರ ಇಲಾಖೆಯಿಂದ ಇಲಾಖೆಗೆ ಓಡಾಡಿತು. 2003ರ ನವೆಂಬರ್‌ನಲ್ಲಿ ಗಯಾದಲ್ಲಿ ಅವರ ಕೊಲೆಯಾಯಿತು. ಪಿಐಡಿಪಿಐ ನಿರ್ಣಯ ಬಂದದ್ದು ಆಮೇಲೆ.

ಈ ದಾರಿ ಹಿಡಿದರೆ ಹೀಗೆ ಮಾಡಿ. ದೂರನ್ನು ಅಂಟು ಹಾಕಿದ ಲಕೋಟೆಯಲ್ಲಿಡಿ. ಕೇಂದ್ರ ಜಾಗೃತ ಆಯೋಗದ ಕಾರ್ಯದರ್ಶಿಗೆ ವಿಳಾಸ ಬರೆದು, ಮೇಲೆ ಪಿಐಡಿಪಿಐ ಅಡಿಯ ದೂರು ಎಂದು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಎದ್ದು ಕಾಣುವಂತೆ ಬರೆಯಿರಿ. ಲಕೋಟೆ ಮೇಲೆ ನಿಮ್ಮ ಹೆಸರು, ವಿಳಾಸ ಬೇಡ. ಕಳಿಸುವವರ ಹೆಸರಿಗೆ ಒತ್ತಾಯ ಮಾಡಬಾರದು ಎಂದು ಅಂಚೆ ಇಲಾಖೆಗೆ ಸೂಚನೆಯಿದೆ. ಒಳಗೆ ಪತ್ರದ ಶುರುವಿನಲ್ಲೋ ಕೊನೆಯಲ್ಲೋ ಹೆಸರು, ವಿಳಾಸ ಕೊಡಿ. ನಡುವಿನ ಒಕ್ಕಣೆಯಲ್ಲಿ ನೀವು ಯಾರೆಂದು ಗೊತ್ತಾಗುವ ಸುಳಿವು ಇರಬಾರದು. "ನಾನು ಆ ದಿನ ರಾತ್ರಿ ಪಾಳಿಯಲ್ಲಿದ್ದಾಗ" ಎಂದು ಬರೆದರೆ ರೋಸ್ಟರ್ ನೋಡಿದವರಿಗೆ ನೀವು ಸಿಕ್ಕಿಬಿದ್ದಿರಿ. "ಆ ದಿನದ ರಾತ್ರಿ ಪಾಳಿಯ ರಿಜಿಸ್ಟರ್‌ನಲ್ಲಿ" ಎಂದು ಬರೆಯಿರಿ. ಅದೇ ದೂರನ್ನು ಬೇರೆ ಕಡೆಗೂ ಕಳಿಸಿದರೆ ಗುಟ್ಟು ಕಾಪಾಡುವ ಹೊಣೆ ಆಯೋಗದ ಮೇಲಿರುವುದಿಲ್ಲ. ಸ್ವೀಕೃತಿ ಬರುವುದಿಲ್ಲ, ನೀವಾಗಿ ಮುಂದೆ ಪತ್ರ ವ್ಯವಹಾರವನ್ನೂ ಮಾಡಬೇಡಿ, ವಿವರಣೆ ಬೇಕಾದರೆ ಆಯೋಗವೇ ಸಂಪರ್ಕಿಸುತ್ತದೆ. ಅದು ನಿಮ್ಮ ಒಳ್ಳೆಯದಕ್ಕೇ. ಇದು ರಾಜ್ಯ ಸರ್ಕಾರದ ನೌಕರರ ವಿರುದ್ಧದ ದೂರಿಗೆ ಅನ್ವಯ ಆಗುವುದಿಲ್ಲ.

ಸಾಧ್ಯವಾದರೆ ಒಬ್ಬರೇ ಹೋಗಬೇಡಿ. ಮೂವರು ನಾಲ್ವರು ಒಟ್ಟಿಗೆ ಸಹಿ ಹಾಕಿದ ದೂರನ್ನು "ತಲೆ ಕೆಟ್ಟವರು" ಎಂದು ತಳ್ಳಿಹಾಕುವುದು ಕಷ್ಟ.

ಹೆಜ್ಜೆ 8: ಪತ್ರ ಬರೆಯುವುದು

ಎರಡು ಪುಟ ದಾಟಬೇಡಿ. ಮೊದಲ ಪ್ಯಾರಾದಲ್ಲೇ ಏನು ನಡೆದಿದೆ, ಯಾವಾಗಿನಿಂದ, ಯಾರಿಗೆ ಅಪಾಯ ಅಂತ ಬರಲಿ. ಆಮೇಲೆ ತಾರೀಖಿನ ಸಾಲು. ಆಮೇಲೆ ಯಾವ ದಾಖಲೆ ಎಲ್ಲಿದೆ. ಕೊನೆಗೆ ಏನು ಮಾಡಬೇಕು ಅಂತ ಕೇಳುತ್ತೀರಿ. ಹೀಗೆ:

"ಈ ವರ್ಷದ ಜನವರಿಯಿಂದ ಮಾರ್ಚ್‌ವರೆಗೆ ಈ ಆಸ್ಪತ್ರೆಯಲ್ಲಿ ನಡೆಯದ ಡಯಾಲಿಸಿಸ್‌ಗಳಿಗೆ ಕ್ಲೇಮ್ ಸಲ್ಲಿಸಲಾಗಿದೆ. ಡಯಾಲಿಸಿಸ್ ಯಂತ್ರದ ಲಾಗ್ ಬುಕ್, ಡಯಾಲೈಸರ್ ಸ್ಟಾಕ್ ರಿಜಿಸ್ಟರ್ ಮತ್ತು ಕ್ಲೇಮ್ ಪಟ್ಟಿ ಈ ಮೂರನ್ನು ತಾಳೆ ನೋಡಿದರೆ ವ್ಯತ್ಯಾಸ ಕಾಣುತ್ತದೆ. ದಯವಿಟ್ಟು ಮುನ್ಸೂಚನೆ ಕೊಡದೆ ಈ ದಾಖಲೆಗಳನ್ನು ವಶಕ್ಕೆ ಪಡೆಯಬೇಕೆಂದು ಕೋರುತ್ತೇನೆ."

ನೋಡಿ, ಇಲ್ಲಿ ಯಾರನ್ನೂ ಬೈದಿಲ್ಲ. ಕಳ್ಳ ಎಂಬ ಪದ ಇಲ್ಲ. ಆದರೆ ತನಿಖೆಯವರು ಎಲ್ಲಿ ಕೈ ಹಾಕಬೇಕು ಅಂತ ಪೂರ್ತಿ ಇದೆ. ಸ್ಟಾಕ್ ರಿಜಿಸ್ಟರ್ ತಾಳೆ ಹಾಕುವ ಉಪಾಯ ಬಹಳ ಕಡೆ ಕೆಲಸಕ್ಕೆ ಬರುತ್ತದೆ. ಕ್ಲೇಮ್ ಕಾಗದ ಹುಟ್ಟಿಸುವುದು ಸುಲಭ. ಬಳಸದ ಲೆನ್ಸ್, ಸ್ಟೆಂಟ್, ಡಯಾಲೈಸರ್‌ಗಳ ಖರೀದಿ ಬಿಲ್, ಸೀರಿಯಲ್ ನಂಬರ್ ಸ್ಟಿಕ್ಕರ್ ಎಲ್ಲವನ್ನೂ ಹೊಂದಿಸುವುದು ಕಷ್ಟ.

ಹೆಜ್ಜೆ 9: ಸಂಶೋಧನೆಯ ಅಕ್ರಮವಾದರೆ

ಕ್ಲಿನಿಕಲ್ ಟ್ರಯಲ್ ಮತ್ತು ಲ್ಯಾಬ್ ಸಂಶೋಧನೆ ಎರಡಕ್ಕೂ ದಾರಿ ಬೇರೆ ಬೇರೆ.

ಟ್ರಯಲ್‌ಗಳಿಗೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಿವೆ. ರೋಗಿಗೆ ಗಂಭೀರ ತೊಂದರೆ ಆದರೆ 24 ಗಂಟೆಯೊಳಗೆ ಸಂಶೋಧಕರು ಕೇಂದ್ರ ಔಷಧ ನಿಯಂತ್ರಕರಿಗೆ, ಪ್ರಾಯೋಜಕ ಕಂಪನಿಗೆ, ರೋಗಿಗಳ ಹಿತ ನೋಡುವ ಎಥಿಕ್ಸ್ ಕಮಿಟಿಗೆ ತಿಳಿಸಬೇಕು. ಹಾಗಾಗಿ ನೀವು ಕೇಳಬೇಕಾದ ಮೊದಲ ಪ್ರಶ್ನೆ ಸರಳ: ಆ ವರದಿ ಹೋಯಿತಾ? ಎಥಿಕ್ಸ್ ಕಮಿಟಿಯ ಅಧ್ಯಕ್ಷರು ಸಂಸ್ಥೆಯ ಹೊರಗಿನವರೇ ಇರಬೇಕು ಎಂಬ ನಿಯಮ ಇದೆ. ನೇರ ಅವರಿಗೇ ಬರೆಯಿರಿ, ಕಾರ್ಯದರ್ಶಿ ನಿಮ್ಮ ಸಂಸ್ಥೆಯ ನೌಕರರು. ಅಲ್ಲಿ ಏನೂ ಆಗದಿದ್ದರೆ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಓ. ಟ್ರಯಲ್ ನೋಂದಣಿ ಆಗಿದೆಯೇ ಎಂದು ಟ್ರಯಲ್‌ಗಳ ರಾಷ್ಟ್ರೀಯ ನೋಂದಣಿ ತಾಣ ಸಿಟಿಆರ್‌ಐನಲ್ಲಿ ಯಾರು ಬೇಕಾದರೂ ನೋಡಬಹುದು. 2009ರ ಜೂನ್‌ನಿಂದ ಅದು ಕಡ್ಡಾಯ.

ಒಪ್ಪಿಗೆ ಪತ್ರಗಳ ಮೇಲೆ ಒಂದು ಕಣ್ಣಿರಲಿ. 2009–10ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕುವ ಯೋಜನೆ ನಡೆಯಿತು. ಖಮ್ಮಂನಲ್ಲಿ ಎಷ್ಟೋ ಕಡೆ ತಂದೆ ತಾಯಿಯ ಬದಲು ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಮಾಡಿದ್ದರು. 2010ರಲ್ಲಿ ಯೋಜನೆ ನಿಂತಿತು, 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಬರೆಯಿತು. ಒಂದೇ ಪೆನ್ನು, ಒಂದೇ ಕೈಬರಹ, ಒಂದೇ ತಾರೀಖಿನ ರಾಶಿ ಸಹಿಗಳು ಕಂಡರೆ ಬರೆದಿಟ್ಟುಕೊಳ್ಳಿ.

ಲ್ಯಾಬ್ ಸಂಶೋಧನೆಯಲ್ಲಿ ಕೃತಿಚೌರ್ಯಕ್ಕೆ ಯುಜಿಸಿಯ 2018ರ ನಿಯಮಗಳಿವೆ. ಶೇ 10ರೊಳಗಿನ ಹೋಲಿಕೆಗೆ ಶಿಕ್ಷೆ ಇಲ್ಲ, ಶೇ 60 ದಾಟಿದ ಪ್ರಬಂಧವಾದರೆ ನೋಂದಣಿಯೇ ರದ್ದು. ಆದರೆ ಇವು ಪದಗಳ ಕಳ್ಳತನಕ್ಕೆ ಮಾತ್ರ. ಹುಟ್ಟಿಸಿದ ದತ್ತಾಂಶ, ತಿದ್ದಿದ ಚಿತ್ರ ಇದರ ಬಲೆಗೆ ಬೀಳುವುದಿಲ್ಲ. ನನ್ನ ಪ್ರಕಾರ ನಮ್ಮ ವ್ಯವಸ್ಥೆಯ ದೊಡ್ಡ ತೂತು ಇದೇ. ನಕಲು ಹಿಡಿಯಲು ಸಾಫ್ಟ್‌ವೇರ್ ಕೊಂಡು ಕೂತಿದ್ದೇವೆ, ಸುಳ್ಳು ಹಿಡಿಯಲು ದೇಶಕ್ಕೊಂದು ಕಚೇರಿ ಇಲ್ಲ.

ಹಾಗಾಗಿ ನಡೆಯುವ ದಾರಿ ಮೂರು: ಸಂಸ್ಥೆಯ ನಿರ್ದೇಶಕರು ಅಥವಾ ಎಥಿಕ್ಸ್ ಸಮಿತಿ, ಪೇಪರ್ ಪ್ರಕಟಿಸಿದ ಜರ್ನಲ್‌ನ ಸಂಪಾದಕರು, ಮತ್ತು ಹೆಸರು ಹೇಳದೆ ಪ್ರಶ್ನೆ ಎತ್ತಬಹುದಾದ ಪಬ್‌ಪಿಯರ್ ಎಂಬ ವೆಬ್‌ಸೈಟ್. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಒಂದು ಲ್ಯಾಬ್‌ನಿಂದ 2020ರ ಅಕ್ಟೋಬರ್‌ನಲ್ಲಿ ನೇಚರ್ ಕೆಮಿಕಲ್ ಬಯಾಲಜಿಯಲ್ಲಿ ಬಂದ ಪೇಪರ್‌ನ ಚಿತ್ರಗಳ ಬಗ್ಗೆ ಪಬ್‌ಪಿಯರ್‌ನಲ್ಲಿ ಪ್ರಶ್ನೆ ಎದ್ದವು. ಸಂಸ್ಥೆ ವಿಚಾರಣೆ ಮಾಡಿತು. 2021ರ ಜೂನ್‌ನಲ್ಲಿ ಪೇಪರ್ ವಾಪಸಾಯಿತು. ವರ್ಷದೊಳಗೆ ಮುಗಿದದ್ದು ಅಪರೂಪ. ಅದರ ಎದುರು ಪಂಜಾಬ್ ವಿಶ್ವವಿದ್ಯಾಲಯದ ಭೂವಿಜ್ಞಾನಿ ವಿ.ಜೆ. ಗುಪ್ತಾ ಪ್ರಕರಣ ಇಟ್ಟು ನೋಡಿ. ಬೇರೆ ದೇಶಗಳ ಪಳೆಯುಳಿಕೆಗಳನ್ನು ಹಿಮಾಲಯದಲ್ಲಿ ಸಿಕ್ಕವು ಎಂದು ವರ್ಷಗಟ್ಟಲೆ ಬರೆದಿದ್ದಾರೆ ಎಂದು ಆಸ್ಟ್ರೇಲಿಯಾದ ಜಾನ್ ಟ್ಯಾಲೆಂಟ್ 1989ರಲ್ಲಿ ನೇಚರ್ ಪತ್ರಿಕೆಯಲ್ಲೇ ಬರೆದರು. ಆದರೂ ಅವರ ನೌಕರಿ ಹೋಗಲಿಲ್ಲ.

ಪಬ್‌ಪಿಯರ್‌ನಲ್ಲಿ ಬರೆಯುವಾಗ ಪ್ರಕಟವಾದ ಪೇಪರ್‌ನಲ್ಲಿ ಎಲ್ಲರಿಗೂ ಕಾಣುವುದನ್ನು ಮಾತ್ರ ಬರೆಯಿರಿ. "ಚಿತ್ರ 2ರ ಮೂರನೇ ಪಟ್ಟಿಯೂ ಚಿತ್ರ 5ರ ಮೊದಲ ಪಟ್ಟಿಯೂ ಒಂದೇ ಥರ ಕಾಣುತ್ತವೆ, ವಿವರಿಸುವಿರಾ?" ಅಷ್ಟು ಸಾಕು. ಲ್ಯಾಬ್ ಮೀಟಿಂಗ್‌ನ ಮಾತು ತಂದರೆ ಬರೆದವರು ಯಾರು ಅಂತ ಗೈಡ್‌ಗೆ ಒಂದೇ ನಿಮಿಷದಲ್ಲಿ ಹೊಳೆಯುತ್ತದೆ.

ಪೇಪರ್‌ನಲ್ಲಿ ನಿಮ್ಮ ಹೆಸರೂ ಇದೆಯಾ? ಹಾಗಿದ್ದರೆ ಇನ್ನೂ ಬೇಗ ನಡೆಯಿರಿ. ಸ್ವೀಡನ್‌ನ ವೈದ್ಯಕೀಯ ಸಂಸ್ಥೆ ಕರೋಲಿನ್ಸ್ಕಾದಲ್ಲಿ ಪಾವ್ಲೊ ಮಕಿಯಾರಿನಿ ಎಂಬ ಸರ್ಜನ್ ರೋಗಿಗಳಿಗೆ ಪ್ಲಾಸ್ಟಿಕ್ ಶ್ವಾಸನಾಳ ಜೋಡಿಸುತ್ತಿದ್ದ. 2014ರಲ್ಲಿ ಅಲ್ಲಿನ ನಾಲ್ವರು ವೈದ್ಯರು ಕೇಸ್ ದಾಖಲೆಗಳನ್ನೂ ಪೇಪರ್‌ಗಳನ್ನೂ ತಾಳೆ ಹಾಕಿ ದೂರು ಕೊಟ್ಟರು. 2015ರಲ್ಲಿ ಸಂಸ್ಥೆ ಆತನನ್ನು ನಿರ್ದೋಷಿ ಎಂದಿತು. ಟಿವಿಯಲ್ಲಿ ಸಾಕ್ಷ್ಯಚಿತ್ರ ಬಂದಮೇಲೆ 2016ರಲ್ಲಿ ಮತ್ತೆ ತನಿಖೆ ಶುರುವಾಯಿತು. 2018ರಲ್ಲಿ ಅಕ್ರಮ ಒಪ್ಪಿದ ಸಂಸ್ಥೆ, ದೂರು ಕೊಟ್ಟವರಲ್ಲಿ ಒಬ್ಬರನ್ನೂ ಸಹಲೇಖಕರೆಂದು ತಪ್ಪಿತಸ್ಥರ ಪಟ್ಟಿಗೆ ಸೇರಿಸಿತು. 2023ರಲ್ಲಿ ಸ್ವೀಡನ್‌ನ ಮೇಲ್ಮನವಿ ಕೋರ್ಟ್ ಮಕಿಯಾರಿನಿಗೆ ಎರಡೂವರೆ ವರ್ಷ ಜೈಲು ವಿಧಿಸಿತು. ನಿಮಗೆ ಅನುಮಾನ ಬಂದ ದಿನವೇ "ಈ ಚಿತ್ರದ ಮೂಲ ಫೈಲ್ ನೋಡದೆ ನನ್ನ ಹೆಸರು ಹಾಕಬೇಡಿ" ಎಂದು ಗೈಡ್‌ಗೆ ಇಮೇಲ್ ಹಾಕಿ. ವಿನಯವಾಗಿಯೇ ಹಾಕಿ. ನಾಳೆ ನಿಮ್ಮನ್ನು ಉಳಿಸುವುದು ಅದೇ ಇಮೇಲ್.

ಹೆಜ್ಜೆ 10: ಪತ್ರಿಕೆ, ಫೇಸ್‌ಬುಕ್

ಕಾನೂನಿನ ಅಧಿಕಾರ ಇರುವವರಿಗೆ ಒಳ್ಳೆಯ ನಂಬಿಕೆಯಿಂದ ಕೊಟ್ಟ ದೂರು ಮಾನನಷ್ಟ ಆಗುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 356ರಲ್ಲೇ ಆ ವಿನಾಯಿತಿ ಇದೆ. ಫೇಸ್‌ಬುಕ್ ಪೋಸ್ಟ್‌ಗೆ ಆ ಆಸರೆ ಸಿಗುವುದಿಲ್ಲ. ಸರ್ಕಾರಿ ನೌಕರರಿಗೆ ಪತ್ರಿಕೆಗೆ ಹೋಗುವುದಕ್ಕೆ ನಡತೆ ನಿಯಮಗಳ ತಡೆಯೂ ಇದೆ. ಎಲ್ಲ ಕಡೆ ಕೊಟ್ಟ ದೂರು ಸತ್ತು ಬಿದ್ದಾಗ ಪತ್ರಕರ್ತರು ಬೇಕಾಗಬಹುದು. ಆಗ ಮೊದಲ ಮಾತಿಗೂ ಮೊದಲು, ಹೆಸರು ಬರೆಯುವುದಿಲ್ಲ ಎಂಬ ಒಪ್ಪಿಗೆ ಪಡೆಯಿರಿ. ಸ್ವೀಕೃತಿ ಮುದ್ರೆ ಬಿದ್ದ ದೂರಿನ ಪ್ರತಿ ಇದ್ದರೆ ಅವರಿಗೂ ಬರೆಯುವುದು ಸುಲಭ.

ಹೆಜ್ಜೆ 11: ದೂರಿನ ನಂತರ

ವರ್ಗಾವಣೆ, ಸತತ ರಾತ್ರಿ ಪಾಳಿ, ಊಟದ ಹೊತ್ತಲ್ಲಿ ಯಾರೂ ಪಕ್ಕ ಕೂರದಿರುವುದು. ಬಹುಪಾಲು ಸೇಡು ಹೀಗೆ ಸಣ್ಣ ಸಣ್ಣದಾಗಿ ಬರುತ್ತದೆ. ಅದನ್ನೂ ಡೈರಿಯಲ್ಲಿ ಬರೆಯಿರಿ. ಮೆಮೋ ಬಂದರೆ ಅವತ್ತೇ ಸಿಟ್ಟಿನಲ್ಲಿ ಉತ್ತರಿಸಬೇಡಿ, ಕೊಟ್ಟ ಗಡುವಿನೊಳಗೆ ತಪ್ಪದೆ ಉತ್ತರಿಸಿ. ಖಾಲಿ ಹಾಳೆಗೆ, ರಾಜೀನಾಮೆ ಪತ್ರಕ್ಕೆ ಒತ್ತಾಯದಲ್ಲಿ ಸಹಿ ಮಾಡಬೇಡಿ. ಮಾಡಿಸಿಕೊಂಡರೆ ಅದೇ ಸಂಜೆ ಸ್ಪೀಡ್ ಪೋಸ್ಟ್‌ನಲ್ಲಿ ವಾಪಸ್ ಪಡೆದಿದ್ದೇನೆ ಎಂದು ಬರೆಯಿರಿ.

ವಕೀಲರ ಫೀಸ್ ಭಾರ ಅನ್ನಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ನೆರವು ಉಚಿತ. ಸಹಾಯವಾಣಿ 15100. ನಿದ್ದೆ ಬರದ ರಾತ್ರಿಗಳಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಕನ್ನಡದಲ್ಲೇ ಮಾತಾಡುತ್ತಾರೆ.

ಪಿಐಡಿಪಿಐ ದೂರು ಬಿಟ್ಟು ಉಳಿದವಕ್ಕೆ ತಿಂಗಳಿಗೊಂದು ಸಲ ದೂರು ಎಲ್ಲಿದೆ ಎಂದು ಬರಹದಲ್ಲಿ ಕೇಳಿ. ವಿಚಾರಣೆಗೆ ಕರೆದರೆ ದಾಖಲೆಗಳ ಎರಡು ಸೆಟ್ ಒಯ್ಯಿರಿ. ಒಂದನ್ನು ಪುಟ ಸಂಖ್ಯೆ ಹಾಕಿ ಕೊಟ್ಟು ಇನ್ನೊಂದರ ಮೇಲೆ ಸ್ವೀಕೃತಿ ಸಹಿ ಪಡೆಯಿರಿ. ನಿಮ್ಮ ಹೇಳಿಕೆ ಬರೆದುಕೊಂಡರೆ ಪೂರ್ತಿ ಓದಿ, ತಪ್ಪಿದ್ದರೆ ಅಲ್ಲೇ ತಿದ್ದಿಸಿ, ಪ್ರತಿ ಪುಟಕ್ಕೂ ಸಹಿ ಹಾಕಿ, ಒಂದು ಪ್ರತಿ ಕೇಳಿ. ಕೊಡುವುದಿಲ್ಲ ಎಂದರೆ ವಾದ ಬೇಡ. ಹೊರಗೆ ಬಂದು, ಏನು ಕೇಳಿದರು, ನೀವು ಏನು ಹೇಳಿದಿರಿ ಎಂದು ಬರೆದು ಅದೇ ಕಚೇರಿಗೆ ಅಂಚೆಯಲ್ಲಿ ಕಳಿಸಿ.